ಬೆಟ್ಟದಿಂದ ಫ್ಯೋರ್ಡಿಗೆ: ರೈಲಿನಲ್ಲೋ, ಕಾಲ್ನಡಿಗೆಯಲ್ಲೋ?

ಮಿರ್ದಾಲ್ ನಿಲ್ದಾಣದಲ್ಲಿ ಇಳಿಯುತ್ತಲೇ ನಮ್ಮಲ್ಲಿ ಎರಡು ಪಕ್ಷಗಳಾದವು. ಕಣಿವೆಗೆ ನಡೆದು ಇಳಿಯಬೇಕೆಂಬ ಪಕ್ಷದಲ್ಲಿ ನಾನೊಬ್ಬನೇ ಇದ್ದೆ. ರೈಲಿನಲ್ಲಿಯೇ ಇಳಿಯಬೇಕೆಂಬ ಪಕ್ಷದಲ್ಲಿ ನನ್ನ ಹೆಂಡತಿ ಇದ್ದಳು. ಎಪ್ಪತ್ತೆಂಟು ವರ್ಷದ ನನ್ನ ತಾಯಿಯನ್ನು, ಅವರ ಅಭಿಪ್ರಾಯ ಕೇಳುವ ಗೋಜಿಗೇ ಹೋಗದೆ, ನಾವಿಬ್ಬರೂ ಕೂಡಿ ಆ ಎರಡನೆಯ ಪಕ್ಷಕ್ಕೆ ಸೇರಿಸಿಬಿಟ್ಟಿದ್ದೆವು. ಅದು ಎಂತಹ ತಪ್ಪೆಂಬುದು ಅದೇ ದಿನ ಮಧ್ಯಾಹ್ನ ನನಗೆ ಅರಿವಾಯಿತು.

ನಾರ್ವೆಯ ರಾಜಧಾನಿಯಾದ ಓಸ್ಲೋ ನಗರದಿಂದ ಪಶ್ಚಿಮ ತೀರದ ಬೆರ್ಗೆನ್ ಬಂದರಿಗೆ ಹೋಗುವ ರೈಲುಮಾರ್ಗವು ಮರವೊಂದೂ ಬೆಳೆಯದ ಎತ್ತರದ ಬೆಟ್ಟಬಯಲನ್ನು ಹಾದುಹೋಗುತ್ತದೆ. 1909ರಲ್ಲಿ ಪೂರ್ಣಗೊಂಡ ಈ ಮಾರ್ಗದಲ್ಲಿ ಮಿರ್ದಾಲ್ ಒಂದು ಜಂಕ್ಷನ್. ಜಂಕ್ಷನ್ ಎಂದೊಡನೆ ವಾಚಕರು ನಮ್ಮ ಅರಸೀಕೆರೆಯನ್ನೋ ಹುಬ್ಬಳ್ಳಿಯನ್ನೋ ಕಲ್ಪಿಸಿಕೊಳ್ಳಬಾರದು. ಇಲ್ಲಿ ಊರೆಂಬುದೇ ಇಲ್ಲ. ಮೋಟಾರು ರಸ್ತೆಯೂ ಇಲ್ಲ. ಕೆಲವು ಕಟ್ಟಡಗಳು, ಒಂದು ಕಾಫಿ ಅಂಗಡಿ, ಸುತ್ತಲೂ ಬೋಳುಬಂಡೆ, ಆಗಸ್ಟ್ ತಿಂಗಳಲ್ಲಿಯೂ ಅಲ್ಲಲ್ಲಿ ಬಂಡೆಯ ಬಿರುಕುಗಳಲ್ಲಿ ಉಳಿದ ಹಿಮದ ತುಣುಕುಗಳು. ಇಲ್ಲಿಂದ ಕವಲೊಡೆಯುವ ಚಿಕ್ಕ ಮಾರ್ಗವೊಂದು ಫ್ಲೋಮ್ ಎಂಬ ಹಳ್ಳಿಗೆ ಇಳಿಯುತ್ತದೆ. ಮಿರ್ದಾಲ್ ಇರುವುದು ಸಮುದ್ರಮಟ್ಟದಿಂದ 867 ಮೀಟರ್ ಎತ್ತರದಲ್ಲಿ. ಫ್ಲೋಮ್ ಇರುವುದು 2 ಮೀಟರ್ ಎತ್ತರದಲ್ಲಿ. ನಡುವಣ ದೂರ 20 ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೆ. ಬೆಳಗಿನ ಹತ್ತು ಗಂಟೆಗೆ ಹಿಮದ ಪಕ್ಕದಲ್ಲಿ ನಿಂತಿದ್ದವನು ಮಧ್ಯಾಹ್ನ ಕಡಲ ನೀರಿನಲ್ಲಿ ಕಾಲಿಡಬಹುದು.

ಕಡಲೆಂದರೆ ಇಲ್ಲಿ ಮಲ್ಪೆಯಂತೆ ತೆರೆದ ಕಡಲಲ್ಲ, ಫ್ಯೋರ್ಡ್. ಹಿಮಯುಗಗಳಲ್ಲಿ ಮಹಾ ಹಿಮನದಿಗಳು ಮೆಲ್ಲಮೆಲ್ಲನೆ ಸರಿಯುತ್ತ ಕಲ್ಲಿನ ನಾಡನ್ನು ಆಳವಾಗಿ ಉಜ್ಜಿ ಕೊರೆದವು. ಹಿಮ ಕರಗಿದ ಮೇಲೆ ಆ ಕಂದರಗಳೊಳಗೆ ಸಮುದ್ರ ನುಗ್ಗಿತು. ಹೀಗೆ ಬೆಟ್ಟಗಳ ನಡುವೆ ಚಾಚಿದ ಕಡಲ ತೋಳೇ ಫ್ಯೋರ್ಡ್. ನಾರ್ವೆಯಲ್ಲಿ ಇವುಗಳಲ್ಲೆಲ್ಲ ಉದ್ದವಾದದ್ದು ಸೋಗ್ನೆ ಫ್ಯೋರ್ಡ್. 200 ಕಿಲೋಮೀಟರಿಗಿಂತ ಹೆಚ್ಚು ಒಳನಾಡಿಗೆ ನುಗ್ಗಿರುವ ಅದರ ಆಳ ಕೆಲವೆಡೆ 1,300 ಮೀಟರನ್ನು ಮೀರುತ್ತದೆ. ಅದರದೊಂದು ಕವಲು ಔರ್ಲಾಂಡ್ ಫ್ಯೋರ್ಡ್. ಆ ಕವಲಿನ ತುದಿಯಲ್ಲಿ ಫ್ಲೋಮ್.

ಮಳೆಗೆ ಹೆಸರಾದ ಬೆರ್ಗೆನ್ ನಗರದಲ್ಲಿ ನನ್ನ ತಂಗಿ ಸಂಸಾರ ಹೂಡಿದ್ದಾಳೆ. ಅವಳಿಗೆ ರಜೆ ಸಿಕ್ಕಿರಲಿಲ್ಲ. ಅವಳ ಗಂಡನೂ ಹದಿನಾಲ್ಕು ವರ್ಷದ ಮಗನೂ ನಮ್ಮೊಡನೆ ಬೆಳಗಿನ ಗಾಡಿಯಲ್ಲಿ ಹೊರಟಿದ್ದರಾದರೂ ಮಿರ್ದಾಲಿನಲ್ಲಿ ಇಳಿಯಲಿಲ್ಲ. ಅವರು ಅದೇ ಗಾಡಿಯಲ್ಲಿ ಮುಂದೆ ಫಿನ್ಸೆ ಎಂಬ ನಿಲ್ದಾಣಕ್ಕೆ ಹೋಗಿ, ಅಲ್ಲಿ ಬಾಡಿಗೆಯ ಸೈಕಲ್ ಹಿಡಿದು, ಬೆಟ್ಟಬಯಲನ್ನು ದಾಟಿ ಸಂಜೆಗೆ ಫ್ಲೋಮ್ ಸೇರುವವರಿದ್ದರು. ಹೀಗಾಗಿ ಒಂದೇ ಕುಟುಂಬ ಒಂದೇ ದಿನ ಒಂದೇ ಊರಿಗೆ ಮೂರು ವಿಧವಾಗಿ ಹೊರಟಂತಾಯಿತು.

ನಾನು ನಡೆಯುವುದಕ್ಕೆ ಐದು ಗಂಟೆ ಬೇಕು. ರೈಲು ಇಳಿಯುವುದಕ್ಕೆ ಒಂದೇ ಗಂಟೆ. ಮೊದಲೇ ಹೋಗಿ ಕಾಯುವುದಕ್ಕಿಂತ, ನಿಲ್ದಾಣದಲ್ಲಿಯೇ ಕುಳಿತಿದ್ದು ಮಧ್ಯಾಹ್ನದ ಗಾಡಿಗೆ ಬರುತ್ತೇವೆಂದು ಅಮ್ಮ ಹೇಳಿದರು. ಚಳಿಯಲ್ಲಿ ಅಷ್ಟು ಹೊತ್ತು ಹೇಗೆ ಕೂರುತ್ತೀಯೆ ಎಂದು ಕೇಳಿದರೆ, “ಸ್ಟೇಷನ್ನಿನಲ್ಲಿ ಕೂತಿರೋದು ನನಗೆ ನೀನು ಹೇಳಿಕೊಡ್ಬೇಕೇನೋ?” ಎಂದರು. ಮಾತು ನಿಜ. ನನ್ನ ತಂದೆ ಹಾಸನ-ಮಂಗಳೂರು ರೈಲುಮಾರ್ಗದ ಕೆಲಸದಲ್ಲಿ ಮೇಸ್ತ್ರಿಯಾಗಿದ್ದರು. ಅಮ್ಮ ಹೊಸ ಮದುವಣಗಿತ್ತಿಯಾಗಿ ಬಂದದ್ದು ಸಕಲೇಶಪುರದ ಘಟ್ಟದ ತಗಡಿನ ಮನೆಗೆ. ಸುರಂಗ ತೋಡುವವರ ಹೆಂಡಿರೊಡನೆ ನೀರಿಗೆ ಹೋಗಿಬಂದು, ಮದ್ದಿನ ಸದ್ದಿಗೆ ಬೆಚ್ಚುವ ಮಕ್ಕಳನ್ನು ಎತ್ತಿಕೊಂಡು, 1979ರಲ್ಲಿ ಮಾರ್ಗ ಮುಗಿಯುವ ತನಕ ಅಲ್ಲೇ ಇದ್ದವರು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಾರ್ವೆಯ ಪ್ರವಾಸದ ಏರ್ಪಾಟು ಮಾಡುವಾಗ ನೆನಪಿಗೆ ಬಂದಿರಲಿಲ್ಲ.

ಬುತ್ತಿಯ ಅರ್ಧವನ್ನು ನನ್ನ ಚೀಲಕ್ಕೆ ಹಾಕಿ, “ಜೋಪಾನವಾಗಿ ಇಳಿಯಿರಿ, ಫೋಟೋ ತೆಗೆಯುವ ಭರದಲ್ಲಿ ಅಂಚಿಗೆ ಹೋಗಬೇಡಿ” ಎಂದು ಹೆಂಡತಿ ಬೀಳ್ಕೊಟ್ಟಳು.

ನಿಲ್ದಾಣದಿಂದ ಹೊರಟ ದಾರಿ ಮೊದಲು ಸೌಮ್ಯವಾಗಿಯೇ ಇತ್ತು. ಒಂದು ಕಡೆ ತೊರೆ, ಇನ್ನೊಂದು ಕಡೆ ಕುಳ್ಳಾದ ಬರ್ಚ್ ಮರಗಳು, ಕಾಲಡಿಯಲ್ಲಿ ನೀಲಿಬಣ್ಣದ ಚಿಕ್ಕ ಕಾಡುಹಣ್ಣುಗಳು. ಯಾರದೋ ಗಿಡದ ಹಣ್ಣನ್ನು ಕೀಳಬಹುದೇ ಎಂದು ಸಂಕೋಚಪಡಬೇಕಾದ ಅಗತ್ಯ ಅಲ್ಲಿಲ್ಲ. ಬೇಸಾಯವಿಲ್ಲದ ಭೂಮಿಯಲ್ಲಿ, ಅದು ಯಾರ ಒಡೆತನದ್ದೇ ಆಗಿರಲಿ, ಯಾರು ಬೇಕಾದರೂ ನಡೆಯಬಹುದು, ಕಾಡುಹಣ್ಣು ಕೊಯ್ಯಬಹುದು ಎಂಬುದು ಆ ದೇಶದ ಬಹು ಹಳೆಯ ವಾಡಿಕೆ. 1957ರಲ್ಲಿ ಅದನ್ನು ಶಾಸನವಾಗಿಯೂ ಬರೆದಿಟ್ಟರು. ಮನೆಯಂಗಳವನ್ನೂ ಪೈರನ್ನೂ ತುಳಿಯಬಾರದು, ದನಕರುಗಳ ಗೇಟನ್ನು ದಾಟಿದ ಮೇಲೆ ಮುಚ್ಚಬೇಕು, ಇಷ್ಟೇ ನಿಯಮ. ನಾನು ಒಂದು ಬೊಗಸೆ ತಿಂದೆ. ತುಟಿಯೆಲ್ಲ ನೀಲಿಯಾಯಿತು.

ಎರಡು ಕಿಲೋಮೀಟರಿನಷ್ಟು ನಡೆದಿರಬಹುದು. ಇದ್ದಕ್ಕಿದ್ದಂತೆ ನೆಲ ಮುಗಿಯಿತು.

ಮುಗಿಯಿತೆಂದರೆ, ಕಣಿವೆಯ ಕಡೆಗೆ ಗೋಡೆಯಂತೆ ಕುಸಿಯಿತು. ಆ ಗೋಡೆಯ ಮೈಮೇಲೆ ಜಲ್ಲಿಕಲ್ಲಿನ ಕಿರಿದಾದ ರಸ್ತೆಯೊಂದು ಎಡಕ್ಕೂ ಬಲಕ್ಕೂ ಮಡಿಚಿಕೊಂಡು ಇಳಿಯುತ್ತದೆ. ಇಪ್ಪತ್ತೊಂದು ತಿರುವುಗಳು. ನಮ್ಮ ಘಟ್ಟದ ರಸ್ತೆಗಳಲ್ಲಿ ಒಂದು ತಿರುವಿಗೂ ಇನ್ನೊಂದಕ್ಕೂ ನಡುವೆ ಉಸಿರಾಡುವಷ್ಟು ಜಾಗವಿರುತ್ತದೆ. ಇಲ್ಲಿ ಮೇಲಿನ ತಿರುವಿನಲ್ಲಿ ನಿಂತವನು ಕೆಳಗಿನ ತಿರುವಿನಲ್ಲಿರುವವನ ಟೋಪಿಯನ್ನು ಎಣಿಸಬಹುದು. ಸೈಕಲ್ಲಿನವರು ಇಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ಕ್ಷೇಮ. ನಡೆಯುವವರಿಗೆ ಅಪಾಯವಿಲ್ಲ, ಮಂಡಿಗೆ ಮಾತ್ರ ಶಿಕ್ಷೆಯುಂಟು. ಹತ್ತುವಾಗ ಎದೆ ದಣಿಯುತ್ತದೆ, ಇಳಿಯುವಾಗ ಮಂಡಿ ನೋಯುತ್ತದೆ ಎಂಬ ಮಾತನ್ನು ಕುಮಾರಪರ್ವತದಲ್ಲಿ ಕೇಳಿದ್ದೆ. ಅದರ ಎರಡನೆಯ ಭಾಗವನ್ನು ಇಲ್ಲಿ ಇಪ್ಪತ್ತೊಂದು ಸಲ ಅನುಭವಿಸಿದೆ.

ಈ ರಸ್ತೆಯನ್ನು ಕಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ. ಬೆರ್ಗೆನ್ ರೈಲುಮಾರ್ಗ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಬೆಟ್ಟಬಯಲಿಗೆ ಬಂದಾಗ, ಅದರ ಸಾಮಾನನ್ನು ಮೇಲಕ್ಕೆ ತರಲು ದಾರಿಯೇ ಇರಲಿಲ್ಲ. ಕಬ್ಬಿಣ, ಸಿಡಿಮದ್ದು, ಆಹಾರ ಇವೆಲ್ಲ ದೋಣಿಗಳಲ್ಲಿ ಫ್ಲೋಮಿಗೆ ಬಂದು, ಅಲ್ಲಿಂದ ಕುದುರೆಗಳ ಬೆನ್ನ ಹಿಂದೆ ಈ ತಿರುವುಗಳನ್ನು ಏರಿದವು. ಮಿರ್ದಾಲಿನ ಪಶ್ಚಿಮಕ್ಕಿರುವ 5,311 ಮೀಟರ್ ಉದ್ದದ ಗ್ರಾವ್‌ಹಾಲ್ಸ್ ಸುರಂಗವನ್ನು ತೋಡಿದ್ದು ಹೀಗೆ ತಂದ ಸಾಮಾನಿನಿಂದಲೇ. ಅದೇ ಬೆಳಗ್ಗೆ ನಾವು ಬೆಚ್ಚಗೆ ಕುಳಿತು, ಕಾಫಿ ಕುಡಿಯುತ್ತ, ಆ ಕತ್ತಲೆಯನ್ನು ಶಪಿಸುತ್ತ ದಾಟಿ ಬಂದಿದ್ದೆವು.

ಊರಿಂದೂರಿಗೆ ಅಲೆದು ರೈಲುಮಾರ್ಗ ಕಟ್ಟುತ್ತಿದ್ದ ಆ ಕೂಲಿಗಾರರನ್ನು ಅಲ್ಲಿಯವರು ‘ರಲ್ಲಾರ್’ ಎನ್ನುತ್ತಾರೆ. ನೆರೆಯ ಸ್ವೀಡನ್ನಿನಿಂದಲೂ ಬಹು ಮಂದಿ ಬಂದಿದ್ದರು. ಅವರ ಹೆಸರಿನಿಂದಲೇ ಈ ದಾರಿ ‘ರಲ್ಲಾರ್‌ವೇಗೆನ್’, ಎಂದರೆ ಕೂಲಿಗಾರರ ದಾರಿ. ಹೌಗಾಸ್ಟೊಲ್ ಎಂಬ ನಿಲ್ದಾಣದಲ್ಲಿ ಆರಂಭವಾಗಿ ಫಿನ್ಸೆಯ ಮೂಲಕ ಫ್ಲೋಮಿನವರೆಗೆ ಸುಮಾರು 80 ಕಿಲೋಮೀಟರ್ ಹರಿಯುವ ಇದು ಈಗ ನಾರ್ವೆಯಲ್ಲಿ ಬಹು ಜನಪ್ರಿಯವಾದ ಸೈಕಲ್ ಮಾರ್ಗ. ದಾರಿಯುದ್ದಕ್ಕೂ, ಕೆದಕಿದ ಮಣ್ಣಿನಲ್ಲಿ ಮೊದಲು ತಲೆಯೆತ್ತುವ ಎತ್ತರದ ಕೆನ್ನೇರಿಳೆ ಹೂವೊಂದು ಅರಳಿ ನಿಂತಿತ್ತು. ರೈಲಿನ ಕೆಲಸ ನಡೆದಲ್ಲೆಲ್ಲ ಬೆಳೆದುದರಿಂದ ಅದಕ್ಕೂ ಕೂಲಿಗಾರರ ಗುಲಾಬಿ ಎಂಬ ಹೆಸರು ಬಿದ್ದಿದೆ. ಸಾಹೇಬರ ಹೆಸರನ್ನು ಹೊತ್ತ ಹೂಗಳು ಲೋಕದಲ್ಲಿ ಬೇಕಾದಷ್ಟಿವೆ. ಕೂಲಿಗಳ ಹೆಸರನ್ನು ಹೊತ್ತದ್ದನ್ನು ನಾನು ಕಂಡದ್ದು ಇದೊಂದೇ.

ತಿರುವುಗಳು ಮುಗಿದ ಮೇಲೆ ಕಣಿವೆ ತುಸು ಅಗಲವಾಗುತ್ತದೆ. ಹಿಂದಿರುಗಿ ನೋಡಿದರೆ ಚೋಸ್‌ಫೊಸ್ಸೆನ್ ಜಲಪಾತ ಬಂಡೆಯ ಮೇಲಿಂದ ಬಿಳಿಯ ಹೊಗೆಯಂತೆ ಬೀಳುತ್ತಿದೆ. ಕೊರಳಿಗೆ ಗಂಟೆ ಕಟ್ಟಿದ ಆಡುಗಳು ರಸ್ತೆಯ ನಡುವೆಯೇ ಮಲಗಿದ್ದವು. ದಾರಿ ಬಿಡಬೇಕಾದವನು ನಾನೇ ಎಂಬುದರಲ್ಲಿ ಅವಕ್ಕೆ ಸಂಶಯವಿರಲಿಲ್ಲ. ಹಿಮದ ನೀರಾದುದರಿಂದ ನದಿಗೆ ಹಸುರಾದ ಗಾಜಿನ ಬಣ್ಣ. ಎರಡು ಕಡೆಯ ಬೆಟ್ಟದ ಗೋಡೆಗಳಿಂದ ಹೆಸರಿಲ್ಲದ ಝರಿಗಳು ಎಷ್ಟೊಂದು ಇಳಿಯುತ್ತಿದ್ದವೆಂದರೆ, ಹತ್ತರ ಮೇಲೆ ನಾನು ಎಣಿಕೆಯನ್ನು ಕೈಬಿಟ್ಟೆ. ಒಂದು ಬಂಡೆಯ ಮೇಲೆ ಕುಳಿತು ಚಿತ್ರಾನ್ನ ತಿಂದೆ. ಸುತ್ತಲೂ ನೀರಿನ ಸದ್ದೊಂದೇ. ರೈಲುಹಳಿ ಎದುರು ಗೋಡೆಯಲ್ಲಿ ಎಲ್ಲಿಯೋ ಇದೆಯೆಂದು ಗೊತ್ತು, ಕಣ್ಣಿಗೆ ಬೀಳುತ್ತಿಲ್ಲ.

ಆಗಲೇ ಕಂಡಿತು. ಮೇಲೆ ಬಹು ಎತ್ತರದಲ್ಲಿ, ಬಂಡೆಯ ಒಂದು ತೂತಿನಿಂದ ಹಸುರು ಬಣ್ಣದ ಗಾಡಿಯೊಂದು ಹೊರಬಂದು, ಹಾಗೆಯೇ ಇನ್ನೊಂದು ತೂತಿನೊಳಕ್ಕೆ ಹೋಯಿತು. ದೀಪಾವಳಿಯಲ್ಲಿ ಮಕ್ಕಳು ಹೊತ್ತಿಸುವ ಹಾವಿನ ಗುಳಿಗೆಯಂತೆ ಬಂಡೆಯೊಳಗಿಂದ ಹಾವು ಹೊರಟ ಹಾಗಿತ್ತು. ಗಡಿಯಾರ ನೋಡಿದೆ, ಅಮ್ಮ ಕುಳಿತ ಗಾಡಿಯೇ ಇರಬೇಕು. ಟೋಪಿ ತೆಗೆದು ಬೀಸಿದೆ. ಅಷ್ಟರಲ್ಲಿ ಗಾಡಿ ಇರಲಿಲ್ಲ.

ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ ತರುಣರು ಹಳಿಯ ಮೇಲೆಯೇ ನಡೆಯುವ ಹುಚ್ಚು ಒಂದು ಕಾಲದಲ್ಲಿ ಬಹಳವಾಗಿತ್ತು. ಅದು ನಿಷಿದ್ಧ, ಪ್ರಾಣಾಪಾಯದ ಕೆಲಸ. ಸುರಂಗದೊಳಗೆ ಗಾಡಿ ಬಂದರೆ ಸರಿದು ನಿಲ್ಲಲು ಜಾಗ ಸಾಲದು. ಫ್ಲೋಮ್ ಕಣಿವೆಯ ಭಾಗ್ಯವೇನೆಂದರೆ, ರೈಲಿಗೆ ಮುಂಚೆಯೇ ಹುಟ್ಟಿದ ಬೇರೊಂದು ದಾರಿ ನಡೆಯುವವರಿಗೆ ಉಳಿದುಕೊಂಡಿದೆ. ಎಲ್ಲಿಯೂ ಹಳಿಯ ಮೇಲೆ ಕಾಲಿಡಬೇಕಾಗಿಲ್ಲ.

ಬೆರೆಕ್ವಾಮ್ ಎಂಬಲ್ಲಿಗೆ ಬರುವಾಗ ಅರ್ಧ ದಾರಿ ಕಳೆದಿತ್ತು. ಏರುವ ಗಾಡಿಯೂ ಇಳಿಯುವ ಗಾಡಿಯೂ ಒಂದನ್ನೊಂದು ದಾಟುವ ನಿಲ್ದಾಣ ಇದು. ಎತ್ತರ 343 ಮೀಟರ್. ಇಪ್ಪತ್ತೊಂದು ತಿರುವುಗಳ ಹಂಗು ಬೇಡವೆನ್ನುವವರು ಇಲ್ಲಿಯವರೆಗೆ ರೈಲಿನಲ್ಲಿ ಬಂದು, ಇಲ್ಲಿಂದ ನಡೆಯುವುದುಂಟು. ಆಮೇಲೆ ಕಣಿವೆ ಮತ್ತೆ ಕಿರಿದಾಗಿ, ನದಿ ಬಂಡೆಗಳ ಕೊರಕಲಿನಲ್ಲಿ ಗುಡುಗಿ, ಬಲು ಎತ್ತರದ ಇನ್ನೊಂದು ಜಲಪಾತ ಎದುರಾಗಿ, ಕೊನೆಗೆ ಹುಲ್ಲುಗಾವಲು, ಸೇಬಿನ ಮರ, ಕೆಂಪು ಬಣ್ಣದ ಮರದ ಮನೆಗಳು ಬರುತ್ತವೆ. ಮಳೆ ಹನಿಯತೊಡಗಿತ್ತು. ಮಂಡಿಗಳೆರಡೂ ನನ್ನ ಮಾತನ್ನು ಕೇಳುವುದನ್ನು ಬಿಟ್ಟಿದ್ದವು.

ಫ್ಲೋಮಿನ ಹಳೆಯ ಊರು ಇರುವುದು ಫ್ಯೋರ್ಡಿನ ದಡದಲ್ಲಲ್ಲ. ಅದಕ್ಕೆ ಮೂರು ನಾಲ್ಕು ಕಿಲೋಮೀಟರ್ ಹಿಂದೆ, ಕಣಿವೆಯ ಒಳಗೆ. ಅಲ್ಲಿ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಮರದ ಪುಟ್ಟ ಇಗರ್ಜಿಯೊಂದಿದೆ. ಅದರ ಕಲ್ಲುಗೋಡೆಯ ಪಕ್ಕದಲ್ಲಿ ಯಾರೋ ಸೀರೆಯುಟ್ಟ ಹೆಂಗಸು ಕೊಡೆ ಹಿಡಿದು ಕುಳಿತಿರುವುದು ದೂರದಿಂದ ಕಂಡಿತು. ನಾರ್ವೆಯಲ್ಲಿ ಸೀರೆ! ಇನ್ನೂ ನಾಲ್ಕು ಹೆಜ್ಜೆ ಇಟ್ಟ ಮೇಲೆ ಎದೆ ಧಸಕ್ಕೆಂದಿತು. ಅಮ್ಮ. ಫ್ಲೋಮಿನ ನಿಲ್ದಾಣದಲ್ಲಿರಬೇಕಾದವರು ಇಲ್ಲೇಕೆ? ಮೈಗೇನಾದರೂ ಆಯಿತೇ?

ಓಡಿದೆ. ಅಂತಹ ಮಂಡಿಗಳಲ್ಲಿ ಎಷ್ಟು ಓಡಬಹುದೋ ಅಷ್ಟು.

“ಯಾಕೋ ಹಾಗೆ ಕುಂಟುತ್ತಾ ಬರ್ತೀಯ? ನಾನು ಹೇಳ್ಲಿಲ್ವಾ ರೈಲಿನಲ್ಲಿ ಬಾ ಅಂತ?” ಎಂದರು ಅಮ್ಮ. ಪಕ್ಕದಲ್ಲಿ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ನಡೆದದ್ದಿಷ್ಟು. ಮಿರ್ದಾಲಿನಲ್ಲಿ ಕಾಯುತ್ತಿದ್ದಾಗ ಗೋಡೆಯ ಮೇಲಿದ್ದ ಮಾರ್ಗದ ನಕ್ಷೆಯಲ್ಲಿ ಅಮ್ಮ ಚಿಕ್ಕ ಚಿಕ್ಕ ನಿಲ್ದಾಣಗಳ ಹೆಸರುಗಳನ್ನು ಕಂಡರು. ಇವೆಲ್ಲ ಏನೆಂದು ಸೊಸೆಯನ್ನು ಕೇಳಿದರು. ಗಾರ್ಡಿಗೆ ಮೊದಲೇ ತಿಳಿಸಿದರೆ ಗಾಡಿ ಅಲ್ಲಿ ನಿಲ್ಲುತ್ತದೆ ಎಂಬುದನ್ನು ಅವಳು ವಿಚಾರಿಸಿ ಹೇಳಿದಳು. ಹಾಗಾದರೆ ಕೊನೆಗಿಂತ ತುಸು ಮೊದಲು, ನೆಲ ಸಮತಟ್ಟಾಗಿರುವ ಕಡೆ ಇಳಿಯೋಣ, ಉಳಿದದ್ದನ್ನು ನಡೆಯೋಣ ಎಂದು ಅತ್ತೆ-ಸೊಸೆ ಇಬ್ಬರೇ ತೀರ್ಮಾನಿಸಿದರು. ಇಗರ್ಜಿಯ ಹತ್ತಿರದ ಹೋರೇನಾ ನಿಲ್ದಾಣದಲ್ಲಿ, ಇಬ್ಬರು ಹೆಂಗಸರಿಗಾಗಿ ಅಷ್ಟು ದೊಡ್ಡ ಗಾಡಿ ನಿಂತಿತಂತೆ. “ಗಾರ್ಡು ಕೈ ಕೊಟ್ಟು ಇಳಿಸಿದ ಕಣೋ” ಎಂದು ಅಮ್ಮ ಹೆಮ್ಮೆಯಿಂದ ಹೇಳಿದರು.

ರಸ್ತೆಗೆ ಇಳಿದೆವು. ಬಲಗೈಯಲ್ಲಿ ಕೊಡೆ, ಎಡಗೈಯಲ್ಲಿ ಸೊಸೆಯ ತೋಳು. ಅಮ್ಮನ ನಡಿಗೆ ನಿಧಾನ, ನನ್ನದು ಅದಕ್ಕಿಂತಲೂ ನಿಧಾನ. ರೈಲಿನ ಪ್ರಯಾಣದ ಕಥೆಯನ್ನು ನಾನು ಕೇಳಿದ್ದು ಹೀಗೆ.

ಸುರಂಗಗಳು ಇಪ್ಪತ್ತು. “ನಾನೂ ಎಣಿಸಿದೆ, ಸರಿಯಾಗಿದೆ” ಎಂದರು. ಎಲ್ಲ ಸೇರಿದರೆ 6 ಕಿಲೋಮೀಟರಿಗೆ ತುಸು ಕಡಿಮೆ. ಇಪ್ಪತ್ತರಲ್ಲಿ ಹದಿನೆಂಟನ್ನು ಯಂತ್ರದ ಸಹಾಯವಿಲ್ಲದೆ ಕೈಯಿಂದಲೇ ತೋಡಿದ್ದು. 1924ರಲ್ಲಿ ಹಿಡಿದ ಕೆಲಸ ಒಂದು ಹಂತಕ್ಕೆ ಬಂದು ಗಾಡಿ ಓಡಿದ್ದು 1940ರ ಆಗಸ್ಟಿನಲ್ಲಿ. ಆ ವೇಳೆಗೆ ದೇಶವೇ ಜರ್ಮನ್ ಸೇನೆಯ ವಶವಾಗಿತ್ತು. ಮೊದಲು ಉಗಿಯಂತ್ರ, 1944ರಿಂದ ವಿದ್ಯುತ್ತು. ಒಂದು ಮೀಟರ್ ಸುರಂಗಕ್ಕೆ ಒಂದು ತಿಂಗಳ ದುಡಿಮೆ ಹಿಡಿಯುತ್ತಿತ್ತೆಂದು ಹೇಳುತ್ತಾರೆ. ಗಾರ್ಡು ಹೇಳಿದ ಈ ಲೆಕ್ಕವನ್ನು ಸೊಸೆ ಕನ್ನಡದಲ್ಲಿ ತಿಳಿಸಿದಾಗ ಅಮ್ಮ ತಮ್ಮ ಸೆರಗನ್ನು ಅಗಲಕ್ಕೆ ಹಿಡಿದು ನೋಡಿದರಂತೆ. ಸೀರೆಯ ಅಗಲದಷ್ಟು ಕಲ್ಲಿಗೆ ಒಂದು ತಿಂಗಳು.

“ಆಮೇಲೆ ಅತ್ತೆ ಕಿಟಕಿಯಿಂದ ಕಣಿವೆಯನ್ನೇ ನೋಡಲಿಲ್ಲ ರೀ” ಎಂದಳು ಹೆಂಡತಿ. “ಎಲ್ಲರೂ ಬೆಳಕು ಬಂದಾಗ ಫೋಟೋ ತೆಗೆಯುತ್ತಿದ್ದರು. ಇವರು ಕತ್ತಲೆ ಬಂದಾಗ ಗಾಜಿಗೆ ಹಣೆ ಹಚ್ಚಿ ಗೋಡೆಯ ಕಲ್ಲನ್ನು ನೋಡುತ್ತಿದ್ದರು.”

ಈ ಮಾರ್ಗದ ಇಳಿಜಾರು ಸಾಮಾನ್ಯವಾದದ್ದಲ್ಲ. ದಾರಿಯ ಬಹುಭಾಗ ಹದಿನೆಂಟು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುತ್ತದೆ. ನಮ್ಮ ಸಕಲೇಶಪುರದ ಘಟ್ಟದಲ್ಲಿ ಐವತ್ತಕ್ಕೆ ಒಂದು. ಅದನ್ನೇ ಕಡಿದಾದುದೆಂದು ನಾವು ಹೇಳಿಕೊಳ್ಳುತ್ತೇವೆ. ಅಲ್ಲಿಯ ಸುರಂಗಗಳ ಸಂಖ್ಯೆ ಮಾತ್ರ ಐವತ್ತೇಳು, ಆ ವಿಷಯದಲ್ಲಿ ನಾವು ಸೋಲಬೇಕಾಗಿಲ್ಲ. ನೀಲಗಿರಿಯ ರೈಲಿಗಿರುವಂತೆ ಫ್ಲೋಮಿನ ರೈಲಿಗೆ ಹಲ್ಲುಹಳಿಯ ಆಸರೆಯೂ ಇಲ್ಲ; ಸಾಧಾರಣ ಹಳಿಯ ಮೇಲೆ ಸಾಧಾರಣ ಚಕ್ರ. ಆದುದರಿಂದಲೇ ಗಾಡಿ ಇಳಿಯುವಾಗ ಗಂಟೆಗೆ 30 ಕಿಲೋಮೀಟರ್ ವೇಗವನ್ನು ಮೀರದೆ ಮೆಲ್ಲನೆ ಬರುತ್ತದೆ. ಬೆಟ್ಟದ ಗೋಡೆ ತೀರ ಕಡಿದಾದಲ್ಲಿ ಹಳಿ ಬಂಡೆಯೊಳಕ್ಕೆ ಹೊಕ್ಕು, ಅಲ್ಲೇ ಅರ್ಧವೃತ್ತ ತಿರುಗಿ, ಹೋದ ದಿಕ್ಕಿಗೇ ಮರಳಿ ಇನ್ನೂ ಕೆಳಗಿನ ಮಟ್ಟದಲ್ಲಿ ಹೊರಬೀಳುತ್ತದೆ. ಒಂದೆಡೆ ಕಿಟಕಿಯಿಂದ ಇಣುಕಿದರೆ ಅದೇ ಹಳಿ ಒಂದರ ಕೆಳಗೊಂದು ಮೆಟ್ಟಿಲಂತೆ ಕಾಣುತ್ತದೆ. ಇನ್ನೊಂದು ವಿಚಿತ್ರ: ಹಳಿ ನದಿಯನ್ನು ಮೂರು ಕಡೆ ದಾಟುತ್ತದೆ, ಆದರೆ ಅಲ್ಲಿ ಸೇತುವೆಗಳಿಲ್ಲ. ಎಂಜಿನಿಯರರು ಹಳಿಗೆ ಸೇತುವೆ ಕಟ್ಟುವ ಬದಲು ನದಿಗೇ ಸುರಂಗ ತೋಡಿ ಹಳಿಯ ಅಡಿಯಿಂದ ಸಾಗಿಸಿದ್ದಾರೆ. ಇದನ್ನು ಕೇಳಿ ಅಮ್ಮ, “ನಿಮ್ಮಪ್ಪ ಇದ್ದಿದ್ರೆ ಇದನ್ನ ನಂಬ್ತಿರ್ಲಿಲ್ಲ” ಎಂದರು.

ಚೋಸ್‌ಫೊಸ್ಸೆನ್ ಜಲಪಾತದೆದುರು ಗಾಡಿ ಐದು ನಿಮಿಷ ನಿಲ್ಲುತ್ತದೆ. ಪ್ರಯಾಣಿಕರೆಲ್ಲ ಇಳಿದು ಮರದ ಕಟ್ಟೆಯ ಮೇಲೆ ನಿಂತು ನೆನೆಯುತ್ತಾರೆ. ರೈಲಿಗೆ ಮೊದಲು ವಿದ್ಯುತ್ತು ಕೊಟ್ಟ ಚಿಕ್ಕ ವಿದ್ಯುದಾಗಾರವೂ ಅಲ್ಲಿಯೇ ಇದೆ. ಬೇಸಗೆಯಲ್ಲಿ ಅಲ್ಲೊಂದು ನಾಟಕವೂ ನಡೆಯುತ್ತದೆ. ನಾರ್ವೆಯ ಜನಪದ ಕಥೆಗಳಲ್ಲಿ ಹುಲ್ದ್ರಾ ಎಂಬ ಕಾಡಿನ ಹೆಣ್ಣೊಬ್ಬಳಿದ್ದಾಳೆ. ನಮ್ಮ ಮೋಹಿನಿಯ ತಂಗಿಯೆನ್ನಬಹುದು. ಮುಂದಿನಿಂದ ಅಪ್ರತಿಮ ಸುಂದರಿ, ಹಿಂದೆ ಹಸುವಿನ ಬಾಲ. ಹಾಡಿ ಮರುಳುಮಾಡಿ ಗಂಡಸರನ್ನು ಬೆಟ್ಟದೊಳಕ್ಕೆ ಕರೆದೊಯ್ಯುತ್ತಾಳಂತೆ. ಜಲಪಾತದ ಪಕ್ಕದ ಬಂಡೆಯ ಮೇಲೆ ನರ್ತಕಿಯೊಬ್ಬಳು ಆ ವೇಷದಲ್ಲಿ ಕಾಣಿಸಿಕೊಂಡು, ಸಂಗೀತಕ್ಕೆ ಕುಣಿದು ಮರೆಯಾಗುತ್ತಾಳೆ. ನನಗೆ ಕೇಳಲು ಇದು ಅಷ್ಟು ರುಚಿಸಲಿಲ್ಲ. ಅಂತಹ ಜಲಪಾತಕ್ಕೆ ಧ್ವನಿವರ್ಧಕದ ಹಂಗು ಏಕೆ? ಅಮ್ಮನ ಅಭಿಪ್ರಾಯ ಇನ್ನೂ ಸರಳವಾಗಿತ್ತು. “ಈ ವಯಸ್ಸಿನಲ್ಲಿ ನನ್ನನ್ನ ಮೋಹಿಸಿ ಅವಳಿಗೇನಾಗ್ಬೇಕು? ನಾನು ನೀರು ನೋಡ್ತಾ ನಿಂತಿದ್ದೆ.”

“ನಾನು ಕೆಳಗಿನಿಂದ ಟೋಪಿ ಬೀಸಿದೆನಲ್ಲ, ಕಂಡಿತೇ?” ಎಂದು ಕೇಳಿದೆ.

“ಕಾಣದೆ ಏನು? ನಾನೂ ಬಹಳ ಹೊತ್ತು ಕರವಸ್ತ್ರ ಬೀಸಿದೆ. ಹಳದಿ ಕೋಟು ಹಾಕ್ಕೊಂಡು ಆಡುಗಳ ಪಕ್ಕ ನಿಂತಿದ್ದೆಯಲ್ಲ.”

ನನ್ನ ಕೋಟು ಕಪ್ಪು. ಯಾರೋ ಒಬ್ಬ ಹಳದಿ ಕೋಟಿನ ಪುಣ್ಯವಂತನಿಗೆ ಆ ದಿನ ನನ್ನ ತಾಯಿಯ ಆಶೀರ್ವಾದ ಸಂದಿದೆ. ನಾನು ಹೇಳಲಿಲ್ಲ.

ಸ್ವಲ್ಪ ದೂರ ಸುಮ್ಮನೆ ನಡೆದೆವು. ಆಮೇಲೆ ಅಮ್ಮ ತಾವಾಗಿಯೇ ಹೇಳಿದರು: “ನಿಮ್ಮಪ್ಪ ದಿನಾ ಹಳಿ ಪಕ್ಕ ನಡೀತಿದ್ರು, ಮಳೆಯೋ ಬಿಸಿಲೋ. ಲೈನು ಶುರುವಾದ್ಮೇಲೆ ನಾನು ಎಷ್ಟೋ ಸಲ ಆ ಘಟ್ಟದಲ್ಲಿ ಹೋದೆ. ಯಾವಾಗ್ಲೂ ಕೂತ್ಕೊಂಡೇ. ಇಲ್ಲೂ ಕೂತ್ಕೊಂಡೇ ಹೋಗ್ಬೇಕಾ ಅನ್ನಿಸ್ತು.” ನಾನು ಕೊಡೆಯನ್ನು ಅವರ ಕೈಯಿಂದ ತೆಗೆದುಕೊಂಡೆ.

ಈ ದಾರಿಗೆ ಹೋಗಬಯಸುವ ವಾಚಕರಿಗೆ ಒಂದೆರಡು ಮಾತು. ರೈಲು ವರ್ಷವಿಡೀ ಓಡುತ್ತದೆ. ಚಳಿಗಾಲದಲ್ಲಿ ಜಲಪಾತಗಳು ಹೆಪ್ಪುಗಟ್ಟಿ ನಿಂತಿರುತ್ತವೆ. ಬೇಸಗೆಯಲ್ಲಿ ಹಡಗುಗಳಿಂದ ಸಾವಿರಾರು ಮಂದಿ ಫ್ಲೋಮಿಗೆ ಬಂದಿಳಿಯುವುದರಿಂದ ಟಿಕೆಟ್ಟನ್ನು ಮುಂಚಿತವಾಗಿ ಕಾದಿರಿಸುವುದೇ ಲೇಸು. ಬೆಳಗಿನ ಮೊದಲ ಗಾಡಿಯೋ ಸಂಜೆಯ ಕೊನೆಯ ಗಾಡಿಯೋ ಆದರೆ ಕಿಟಕಿಯ ಪಕ್ಕ ಸಿಗುವ ಸಂಭವ ಹೆಚ್ಚು. ನಡೆಯುವುದಾದರೆ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ. ಸೈಕಲ್ಲಿನವರು ಫಿನ್ಸೆಯ ಕಡೆಯಿಂದ ಬರುವುದಾದರೆ ಜುಲೈ ನಡುವಿಗೆ ಮುಂಚೆ ಹೋಗಬಾರದು; ಎತ್ತರದ ಫಾಗೆರ್‌ನುಟ್‌ನಲ್ಲಿ ಅಲ್ಲಿಯವರೆಗೂ ಹಿಮ ದಾರಿಯನ್ನು ಮುಚ್ಚಿರುತ್ತದೆ. ನಡೆದು ಇಳಿದು, ರೈಲಿನಲ್ಲಿ ಮೇಲಕ್ಕೆ ಹಿಂದಿರುಗುವುದು ಬಹು ಮಂದಿ ಅನುಸರಿಸುವ ಕ್ರಮ. ಹೀಗೆ ಮಾಡಿದರೆ ಕಣಿವೆಯ ಮೇಲ್ಮೈಯನ್ನೂ ಒಳಮೈಯನ್ನೂ ಎರಡನ್ನೂ ನೋಡಿದಂತಾಗುತ್ತದೆ. ನಡೆದವನಿಗೆ ಸುರಂಗದ ಒಳಗು ತಿಳಿಯದು, ಕುಳಿತವನಿಗೆ ಇಪ್ಪತ್ತೊಂದು ತಿರುವುಗಳು ತಿಳಿಯವು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಕೂರಿಸಿಯೇ ಕರೆದೊಯ್ಯಬೇಕೆಂದು ನನ್ನಂತೆ ಮೊದಲೇ ನಿಶ್ಚಯಿಸಬೇಡಿ. ಹೋರೇನಾದಿಂದ ಮುಂದಿನ ರಸ್ತೆಗೆ ಏರಿಲ್ಲ, ಜಲ್ಲಿಯಿಲ್ಲ, ನಡುನಡುವೆ ಕೂರಬಹುದು.

ನಾವು ಆರೇಳು ಸಲ ಕುಳಿತೆವು. ಒಂದೂವರೆ ಗಂಟೆ ಹಿಡಿಯಿತು. ಕೊನೆಯ ತಿರುವಿನಲ್ಲಿ ಬೆಟ್ಟಗಳು ಎರಡು ಬಾಗಿಲುಗಳಂತೆ ತೆರೆದು, ನಡುವೆ ಕಪ್ಪು ಹಸುರಿನ ನೀರು ಅಲುಗಾಡದೆ ಮಲಗಿರುವುದು ಕಂಡಿತು. ದಡದಲ್ಲಿ ಜನಜಂಗುಳಿ, ಸಾಮಾನಿನ ಅಂಗಡಿಗಳು, ಬೆಟ್ಟವೇ ತಗ್ಗೆನಿಸುವಷ್ಟು ಎತ್ತರದ ಒಂದು ಬಿಳಿಯ ಹಡಗು. ಊರಿನ ಕಾಯಂ ಜನಸಂಖ್ಯೆ ಕೆಲವೇ ನೂರು. ಆ ಹಡಗಿನೊಳಗೇ ಅದರ ಹತ್ತರಷ್ಟು ಜನವಿದ್ದಿರಬೇಕು. ಅದನ್ನು ಬಿಟ್ಟು ಇನ್ನೊಂದು ಪಕ್ಕದಲ್ಲಿ ನಿಂತಿದ್ದ ಚಿಕ್ಕ ಹಡಗಿನ ಕಡೆಗೆ ಹೋದೆವು. 2018ರಿಂದ ಇಲ್ಲಿ ಕೇವಲ ಬ್ಯಾಟರಿಯ ಶಕ್ತಿಯಿಂದ ಸದ್ದಿಲ್ಲದೆ ಚಲಿಸುವ ಇಂತಹ ಹಡಗು ಬಂದಿದೆ. ಔರ್ಲಾಂಡ್ ಫ್ಯೋರ್ಡಿನಿಂದ ಹೊರಟು, ಕೆಲವೆಡೆ 250 ಮೀಟರ್ ಮಾತ್ರ ಅಗಲವಿರುವ ನೆರೊಯ್ ಫ್ಯೋರ್ಡನ್ನು ಹೊಕ್ಕು, ಎರಡು ಗಂಟೆಗಳಲ್ಲಿ ಗುಡ್‌ವಾಂಗೆನ್ ಎಂಬ ಊರನ್ನು ಮುಟ್ಟುತ್ತದೆ. ನೆರೊಯ್ ಫ್ಯೋರ್ಡನ್ನು 2005ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪ್ರಯಾಣವನ್ನು ಮರುದಿನಕ್ಕೆ ಇಟ್ಟುಕೊಂಡಿದ್ದೆವು.

ಸಂಜೆ ಆರರ ಹೊತ್ತಿಗೆ ತಂಗಿಯ ಗಂಡನೂ ಮಗನೂ ಕೆಸರಿನ ಬೊಂಬೆಗಳಾಗಿ ಬಂದರು. ಹುಡುಗ ಇಪ್ಪತ್ತೊಂದು ತಿರುವುಗಳಲ್ಲಿ ಒಂದರಲ್ಲಿ ಬಿದ್ದು ಮೊಣಕೈ ತರಚಿಕೊಂಡಿದ್ದ. ಅದು ಯಾವ ತಿರುವೆಂಬ ಬಗ್ಗೆ ಅಪ್ಪ ಮಗನಿಗೆ ಇನ್ನೂ ಜಗಳ ನಡೆದಿತ್ತು. “ಅಜ್ಜಿ, ನೀವು ರೈಲಿನಲ್ಲಿ ಬಂದ್ರಾ?” ಎಂದು ಕೇಳಿದ.

“ರೈಲಿನಲ್ಲೂ ಬಂದೆ, ನಡ್ಕೊಂಡೂ ಬಂದೆ” ಎಂದರು ಅಮ್ಮ.

ಉಳಿದ ಮೊಸರನ್ನವನ್ನು ಅವರಿಬ್ಬರಿಗೆ ಬಡಿಸಿದ ಮೇಲೆ ಅಮ್ಮ ಮರದ ಕಟ್ಟೆಯ ಮೇಲೆ ಕುಳಿತು, ಬಾಗಿ, ಕೈಯನ್ನು ಫ್ಯೋರ್ಡಿನ ನೀರಿನಲ್ಲಿ ಅದ್ದಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿದರು.

“ಸಮುದ್ರ ಅಂತ ಹೇಳಿದ್ಯಲ್ಲೋ? ಉಪ್ಪೇ ಸಾಲದು.”

ಬೆಟ್ಟದ ಮೇಲಿನ ಹಿಮ ಕರಗಿದ ನೀರೆಲ್ಲ ಇಲ್ಲಿಗೇ ಬಂದು ಸೇರುವುದರಿಂದ ಬೇಸಗೆಯಲ್ಲಿ ಮೇಲಿನ ಪದರ ಸಪ್ಪೆಯಾಗಿರುತ್ತದೆ ಎಂದು ತಂಗಿಯ ಗಂಡ ವಿವರಿಸತೊಡಗಿದರು. ಬೆಳಗ್ಗೆ ಮಿರ್ದಾಲಿನಲ್ಲಿ ತಾವು ನೋಡಿದ ಹಿಮವೇ ಇದು ಎಂಬುದು ಗೊತ್ತಾದಾಗ ಅಮ್ಮ ಇನ್ನೊಮ್ಮೆ ಕೈಯದ್ದಿ, ಈ ಸಲ ಆ ನೀರನ್ನು ಕಣ್ಣಿಗೆ ಒತ್ತಿಕೊಂಡರು. ಹಿಂದೆ ನಿಲ್ದಾಣದಲ್ಲಿ ಹಸುರು ಗಾಡಿ ಮತ್ತೆ ಬೆಟ್ಟವೇರಲು ಹೊರಟಿತ್ತು.